ಕುಜನ ಮನೆಯಿಂದ ಹೊರಬಂದವಳಿಗೆ

ಗುರುವಾರ, ಸೆಪ್ಟೆಂಬರ್ 11

ನನ್ನ ದಿವ್ಯಾ,

ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತು. ಎತ್ತಿದ್ದರೆ ನಾನು ಮತ್ತೆ ಏನಾದರೊಂದು ಬಣ್ಣ ಹಚ್ಚಿ ಹೇಳುತ್ತಿದ್ದೆ. ಆ ರೋಗ ನನ್ನ ಬಾಯಿಗಿದೆ, ಪೆನ್ನಿಗೆ ಇನ್ನೂ ಅಂಟಿಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಚಳಿಗೆ ಬೆರಳು ಮರಗಟ್ಟಿವೆ.

ಅವತ್ತು ನೀನು ಲೇಹ್‌ನ ಅತಿಥಿಗೃಹದಿಂದ ಮಾತಾಡಿದೆ. ಮಂಗಳ ಗ್ರಹದಲ್ಲಿ ಬದುಕುವುದನ್ನು ಅಭ್ಯಾಸ ಮಾಡಲೆಂದು ಲಡಾಖಿನ ಬರಡು ಗುಡ್ಡದಲ್ಲಿ ಕಟ್ಟಿದ್ದ ಆ ಮುಚ್ಚಿದ ಮನೆಯಿಂದ ಅರ್ಧಕ್ಕೇ ಹೊರಗೆ ಬಂದೆ ಎಂದೆ. ಗೋಡೆಗಳು ಮೈಮೇಲೆ ಬಂದಂತಾಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಉಳಿದವರಿಗೆ ತೊಂದರೆ ಬೇಡವೆಂದು ನಾನೇ ಬಾಗಿಲು ತೆಗೆಯಲು ಹೇಳಿದೆ ಎಂದೆ. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮಾ, ನಾಳೆನೇ ಊರಿಗೆ ಬಂದ್ಬಿಡ್ಲಾ?" ಎಂದು ಕೇಳಿದೆ. "ಈಗ್ಲೇ ಬೇಡ ಕಣೆ, ಅಲ್ಲೇ ಇರು" ಎಂದೆ ನಾನು. ನೀನು ಫೋನ್ ಇಟ್ಟೆ.

ಸೋತ ಮಗಳನ್ನು ಕಂಡರೆ ಅಮ್ಮನಿಗೆ ನಾಚಿಕೆ ಎಂದುಕೊಂಡಿರುತ್ತೀಯ. ನನಗೆ ನಾಚಿಕೆಯಾಗಿರುವುದು ನಿಜ, ಆದರೆ ಅದಕ್ಕೆ ಕಾರಣ ಬೇರೆ. ಪೂರ್ತಿ ಓದು.

ನೀನು ಆಯ್ಕೆಯಾದ ಸುದ್ದಿ ಬಂದ ಮರುದಿನ ಡೈರಿಯಲ್ಲಿ ಹಾಲು ಹಾಕಲು ನಿಂತಿದ್ದೆ. ಮಾಯಿಲಪ್ಪನ ಹೆಂಡತಿಯೂ ಇದ್ದಳು. ಅದೇ, ಶನಿವಾರಸಂತೆಯಿಂದ ನಿನಗೊಂದು ಗಂಡು ತಂದು, ಜಾತಕದಲ್ಲಿ ಕುಜದೋಷವಿದೆ ಎಂದು ತಿಂಡಿಯನ್ನೂ ಮುಟ್ಟಿಸದೆ ವಾಪಸ್ ಎಬ್ಬಿಸಿಕೊಂಡು ಹೋದಳಲ್ಲ, ಅವಳು. ಎಲ್ಲರೆದುರು ಕೇಳಿದಳು: "ಇನ್ನೂ ಯಾವ್ದೂ ಕೂಡಿಬರ್ನಿಲ್ವಾ ವಿಶಾಲಾಕ್ಷಮ್ಮ? ಕುಜ ಕುಂತವ್ನಲ್ಲ, ಸುಮ್ನೆ ಬುಟ್ಟಾನಾ."

ಮೈಯೆಲ್ಲ ಉರಿದುಹೋಯಿತು. "ಅವ್ನು ಬುಡೋದ್ ಬ್ಯಾಡ ಬುಡು, ನನ್ ಮಗಳು ಕುಜನ ಮನೆಗೇ ಹೊಂಟವ್ಳೆ" ಎಂದುಬಿಟ್ಟೆ.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಷ್ಟೂ ವರ್ಷ ನಿನ್ನನ್ನು ಹೆದರಿಸಿದ ಗ್ರಹಕ್ಕೇ ನಿನ್ನನ್ನು ಕಳಿಸಿದಂತಾಗಿ ನನಗೆ ಎಂಥ ಸಂತೋಷವಾಯಿತು ಗೊತ್ತೇ? ಅದು ಲಡಾಖಿನಲ್ಲಿ, ಬರೀ ಅಭ್ಯಾಸ ಎಂಬ ಮಾತು ಗಂಟಲವರೆಗೆ ಬಂದಿತ್ತು. ಅಲ್ಲೇ ನುಂಗಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಆ ನಾಳೆ ಬರಲೇ ಇಲ್ಲ. ನೀನು ಒಳಗೆ ಸೇರಿದ ಮೇಲೆ ಫೋನ್ ಇಲ್ಲವಾಯಿತು. ಕೇಳಿದವರಿಗೆಲ್ಲ ಅಲ್ಲಿ ಟವರ್ ಇಲ್ಲ ಎಂದೆ. ಸುಳ್ಳೇನಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೇವಸ್ಥಾನದ ತಿರುಮಲೇಶ್ವರ ಭಟ್ಟರು ನಿನ್ನ ಹೆಸರಿನಲ್ಲಿ ಕುಜಶಾಂತಿ ಮಾಡಿಸೋಣ ಎಂದರು. ಮತ್ತೆ ಅವರಿಗೇ ಅನುಮಾನ ಬಂತು. ಗ್ರಹದ ಮೇಲೇ ಕೂತವಳಿಗೆ ಗ್ರಹಶಾಂತಿ ಸಲ್ಲುತ್ತದೋ ಇಲ್ಲವೋ ಎಂದು ಮಡಿಕೇರಿಯ ತಮ್ಮ ಗುರುಗಳಿಗೆ ಫೋನ್ ಹಚ್ಚಿ ಕೇಳಿದರು. ಕೊನೆಗೆ ತೊಗರಿಬೇಳೆ, ಕೆಂಪು ವಸ್ತ್ರ ದಾನ ಮಾಡಿಸಿದರು. ನಾನು ನಗಲಿಲ್ಲ ಕಣೆ, ಭಕ್ತಿಯಿಂದ ಕೈಮುಗಿದು ನಿಂತೆ. ಅಷ್ಟು ಹೊತ್ತಿಗೆ ನನಗೂ ನೀನು ಮೇಲೆಲ್ಲೋ ಇದ್ದೀಯ ಎನಿಸತೊಡಗಿತ್ತು.

ಮಂಗಳಕ್ಕೆ ಹೋಗಲು ತಿಂಗಳುಗಟ್ಟಲೆ ಬೇಕಲ್ಲ, ಇಷ್ಟು ಬೇಗ ಹೇಗೆ ತಲುಪಿದಳು ಎಂದು ಯಾರಾದರೂ ಕೇಳಿಯಾರು ಎಂದು ಹೆದರಿದ್ದೆ. ಯಾರೂ ಕೇಳಲಿಲ್ಲ. ವಿಶಾಲಾಕ್ಷಮ್ಮ ಹೇಳಿದ ಮೇಲೆ ಮುಗಿಯಿತು ಎಂದು ನಂಬಿದರು. ಈಗ ಹೆಚ್ಚು ಚುಚ್ಚುವುದು ಅದೇ.

ಹಾಸನದ ಕಡೆಯಿಂದ ಬಂದು ನೆಲೆಸಿದವರ ಸಂಘ ಇದೆಯಲ್ಲ, ಅದರ ಅಧ್ಯಕ್ಷ ಅಶ್ವಥ್ ಕುಶಾಲನಗರ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದ. 'ಮಂಗಳನನ್ನು ಮುಟ್ಟಿದ ನಮ್ಮ ಮನೆಮಗಳು' ಎಂದು. ಪಿಯುಸಿಯ ಫೋಟೊದಿಂದ ನಿನ್ನ ಮುಖ ಕತ್ತರಿಸಿ ಯಾರದೋ ಹೆಲ್ಮೆಟ್ಟಿಗೆ ತುರುಕಿದ್ದಾನೆ, ಎರಡು ಜಡೆ ಹೆಲ್ಮೆಟ್ಟಿನ ಹೊರಗೆ ನೇತಾಡುತ್ತಿವೆ. ಶುಭ ಕೋರುವವರ ಮುಖಗಳು ನಿನ್ನ ಮುಖಕ್ಕಿಂತ ದೊಡ್ಡವು. ನೀನು ಬರುವ ದಿನ ತೆರೆದ ಜೀಪಿನಲ್ಲಿ ಮೆರವಣಿಗೆ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಂದು ನಿಶ್ಚಯವಾಗಿತ್ತು. ತಿಂಗಳ ಕೊನೆಗೆ ನೀನು ಬರುವಷ್ಟರಲ್ಲಿ ಏನಾದರೂ ಉಪಾಯ ಮಾಡಿದರಾಯಿತು ಎಂದು ದಿನ ದೂಡುತ್ತಿದ್ದೆ. ಆಗ ನಿನ್ನ ಫೋನ್ ಬಂತು. ನಾಳೆನೇ ಬರ್ಲಾ ಎಂದು ನೀನು ಕೇಳಿದಾಗ, ಅಮ್ಮ ಅನ್ನಿಸಿಕೊಂಡ ನನಗೆ ನಿನ್ನ ಅಳು ಕೇಳಿಸುವ ಮೊದಲು ಆ ಫ್ಲೆಕ್ಸ್ ಕಣ್ಣಿಗೆ ಬಂತು. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ.

ನಿನ್ನ ಅಪ್ಪ ಪಕ್ಕದಲ್ಲೇ ಶುಂಠಿ ಚೀಲ ಹೊಲಿಯುತ್ತ ಕೂತಿದ್ದರು. ಸೂಜಿ ನಿಲ್ಲಿಸಿ, "ಮಗಳಿಗಿಂತ ಬೋರ್ಡು ಹೆಚ್ಚಾಗೋಯ್ತಾ ನಿಂಗೆ?" ಎಂದರು. ಮದುವೆಯಾದಾಗಿನಿಂದ ಆ ಮನುಷ್ಯ ನನಗೆ ಎದುರು ಮಾತಾಡಿದ್ದು ಕಡಿಮೆ. ಅವತ್ತು ಊಟವನ್ನೂ ಮಾಡದೆ ಎದ್ದುಹೋದರು.

ಜೋಳದ ಹೊಲದಲ್ಲಿ ಆನೆ ಕಾಯಲು ಕಟ್ಟಿದ ಅಟ್ಟಣೆ ಹತ್ತಿ ನಾವಿಬ್ಬರೂ ಓದುತ್ತಿದ್ದೆವಲ್ಲ ದಿವ್ಯಾ, ಲೈಬ್ರರಿಯ ಆ ರಾಕೆಟ್ ಕಥೆಗಳನ್ನು, ಟಾರ್ಚ್ ಬೆಳಕಿನಲ್ಲಿ. ಹೊರಗೆ ಹೋದವರು ತಿರುಗಿ ಬಾರದ ಕಥೆಯಾದರೆ ನಾನು ಕೊನೆಯ ಪುಟ ಬದಲಾಯಿಸಿ ಬಾಯಿಗೆ ಬಂದದ್ದು ಓದುತ್ತಿದ್ದೆ, ಎಲ್ಲರನ್ನೂ ಕ್ಷೇಮವಾಗಿ ಇಳಿಸಿಬಿಡುತ್ತಿದ್ದೆ. ನಿಜವಾಗಿ ಮನುಷ್ಯರು ಚಂದ್ರನ ಮೇಲೆ ನಡೆದಿದ್ದಾರೆ ಎಂದು ಹೇಳಿದಾಗ ನೀನು ನಂಬಲಿಲ್ಲ, ಅದೂ ನಾನೇ ಸೇರಿಸಿದ್ದು ಎಂದುಕೊಂಡಿದ್ದೆ. ಅಷ್ಟೊಂದು ಕಥೆಗಳಲ್ಲಿ ಎಷ್ಟೆಷ್ಟೋ ಯಂತ್ರ ಕೆಟ್ಟವು, ಗಾಳಿ ಮುಗಿಯಿತು, ಬೆಂಕಿ ಬಿತ್ತು. ಆದರೆ ಮನೆಗೆ ಬರುತ್ತೇವೆ ಎಂದು ಕೂಗಿದವರಿಗೆ ಭೂಮಿಯವರು ಬೇಡ, ಅಲ್ಲೇ ಇರಿ ಎಂದ ಕಥೆ ಒಂದನ್ನೂ ನಾವು ಓದಲಿಲ್ಲ. ಅಂಥ ಕೆಟ್ಟ ಕಥೆ ಯಾರೂ ಬರೆದಿರಲಾರರು. ನಾನು ಅದನ್ನು ಮಾಡಿ ತೋರಿಸಿದೆ.

ಸೋಮವಾರ ಬೆಳಿಗ್ಗೆ ಡೈರಿಯಲ್ಲಿ ಎಲ್ಲರೂ ಕ್ಯಾನ್ ಹಿಡಿದು ನಿಂತಿರುವಾಗ ಹೇಳಿದೆ. ನನ್ನ ಮಗಳು ಮಂಗಳಕ್ಕೆ ಹೋಗಿಲ್ಲ, ಅಲ್ಲಿಗೆ ಯಾರೂ ಇನ್ನೂ ಹೋಗಿಲ್ಲ, ಮುಂದೆ ಹೋಗುವವರಿಗೆ ದಾರಿ ಆಗಲೆಂದು ಲಡಾಖಿನಲ್ಲಿ ಬಾಗಿಲು ಹಾಕಿಕೊಂಡಿದ್ದಳು, ತಡೆಯಲಾರದೆ ಹೊರಗೆ ಬಂದಳು, ಸುಳ್ಳು ನನ್ನದು ಎಂದೆ. ಮಾಯಿಲಪ್ಪನ ಹೆಂಡತಿ, "ಹಂಗಾರೆ ತೊಗ್ರಿಬೇಳೆ ದಾನ ಮಾಡುದ್ದು ಯಾಕೆ?" ಎಂದಳು. ನಕ್ಕರು. ನಗಲಿ ಬಿಡು. ಅಶ್ವಥ್ ಮಾತ್ರ ನಗಲಿಲ್ಲ. "ನಾನು ಎಲ್ರಿಗೂ ಏನಂತ ಹೇಳ್ಲಿ ಅಕ್ಕ, ನನ್ ಮರ್ಯಾದೆ ತೆಗೆದ್ರಲ್ಲ" ಎಂದು ತಲೆ ತಗ್ಗಿಸಿ ಹೋದ. ಅವನ ಬೆನ್ನು ನೋಡಿ ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಶಾಲು ತಂದಾಗಿದೆಯಂತೆ. ನಿವೃತ್ತ ಪಶುವೈದ್ಯರೊಬ್ಬರಿಗೆ ಹೊದಿಸುತ್ತಾರಂತೆ.

ನೀನು ಸೋತೆಯೋ ಇಲ್ಲವೋ ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಉಸಿರು ಕಟ್ಟಿದಾಗ ಬಾಗಿಲು ತೆಗೆಯಿರಿ ಎಂದು ನೀನು ಬಾಯಿಬಿಟ್ಟು ಹೇಳಿದೆ. ನಾನು ಮೂರು ತಿಂಗಳು ನನ್ನ ಸುಳ್ಳಿನೊಳಗೆ ಕೂತಿದ್ದೆ, ಹೇಳಲಾಗಲಿಲ್ಲ. ಕ್ಷಮಿಸು ಎಂದು ಬರೆದರೆ ಕ್ಷಮಿಸಲೇಬೇಕು ಎಂದು ಒತ್ತಾಯ ಮಾಡಿದಂತೆ. ಆದರೂ ಬರೆಯುತ್ತೇನೆ. ಕ್ಷಮಿಸು.

ಬರಬೇಡ ಎಂದದ್ದಕ್ಕೆ ಪಶ್ಚಾತ್ತಾಪ ಪಡುತ್ತಿರುವ,
ಅಮ್ಮ

ವಿ.ಸೂ.: ಈ ಪತ್ರಕ್ಕೆ ಅಂಚೆಚೀಟಿ ಇಲ್ಲ ಎಂಬುದನ್ನು ಗಮನಿಸಿರುತ್ತೀಯ. ಬಾಗಿಲ ಸಂದಿಯಿಂದ ತಳ್ಳಿದವಳು ನಾನೇ. ಜನ್ಮದಲ್ಲಿ ಮೈಸೂರು ದಾಟದವಳು ಎರಡು ವಿಮಾನ ಹತ್ತಿ ಬಂದೆ. ಕಿಟಕಿಯಲ್ಲಿ ಮೋಡ ಕೆಳಗಿತ್ತು, ಮೇಲೆ ಆಕಾಶ ಕಪ್ಪಿಗೆ ತಿರುಗಿದ ನೀಲಿ. ನಿನಗೆ ತೋರಿಸಬೇಕೆಂದು ಪಕ್ಕದ ಸೀಟಿಗೆ ತಿರುಗಿದೆ, ಅಲ್ಲಿ ಯಾರೋ ಮಲಗಿದ್ದರು. ಇಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ, ನೀನು ಪಟ್ಟದ್ದು ಸ್ವಲ್ಪ ಅರ್ಥವಾಯಿತು. ಬಾರದಿರು ಎಂದ ಮೇಲೆ ಬಾ ಎನ್ನಲು ನನಗೆ ಬಾಯಿಲ್ಲ, ಅದಕ್ಕೇ ಬಂದೆ. ಅವಸರವಿಲ್ಲ, ನಿನಗೆ ಮನಸ್ಸಾದಾಗ ಬಾಗಿಲು ತೆಗೆ. ನಾನು ಹೊರಗೆ ನಿನ್ನ ಚಪ್ಪಲಿಯ ಪಕ್ಕದಲ್ಲಿ ಕೂತಿರುತ್ತೇನೆ.