ಬಾಗಿಲೋ, ಒಳಕೋಣೆಯೋ

೧೨ ಆಗಸ್ಟ್ ೨೦೦೬, ಶನಿವಾರ. ಟೂಂಗಾಬಿ.

ಆ ಒಂದು ವಾಕ್ಯ ಬೆಳಗಿನಿಂದ ನನ್ನನ್ನು ಬಿಡುತ್ತಿಲ್ಲ.

ಮೆಲ್ಬರ್ನ್‌ನಿಂದ ಮೈದುನ ಸುಧನ್ವ ಕಳಿಸಿದ ಹೊಸ ಸಿಡಿಯನ್ನು ಇವತ್ತು ಹಳೆಯ ಕಂಪ್ಯೂಟರಿಗೆ ಹಾಕಿದೆ. ಚಿಕ್ಕ ಆಫೀಸಿನವರು ತಾವೇ ಸರ್ವರ್ ಮಾಡಿಕೊಳ್ಳಲಿ ಎಂದು ಇವರೂ ಅವನೂ ಸೇರಿ ಶುರುಮಾಡಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಸಾಫ್ಟ್‌ವೇರ್. ಪ್ರತಿ ಆವೃತ್ತಿಯನ್ನೂ ಮೊದಲು ನಾನೇ ಹಾಕಬೇಕು. ಇವರು ಹಿಂದೆ ಸುಮ್ಮನೆ ಕೂರುತ್ತಿದ್ದರು. ನಾನು ಎಲ್ಲಿ ತಡವರಿಸಿದೆನೋ ಅಲ್ಲಿಯ ವಾಕ್ಯವನ್ನು ಬದಲಾಯಿಸುತ್ತಿದ್ದರು. ಇವರು ತೀರಿಕೊಂಡ ಮೇಲೆ ಇದೇ ಮೊದಲನೆಯದು.

"ಈ ಕಂಪ್ಯೂಟರ್ ನಿಮ್ಮ ಆಫೀಸಿಗೆ ಬಾಗಿಲೋ, ಒಳಕೋಣೆಯೋ?" ಇವರೇ ಬರೆದ ಪ್ರಶ್ನೆ. ಯಾವಾಗಲೂ ಮೇಲಿನ ಉತ್ತರ ಒತ್ತುತ್ತಿದ್ದೆ, ಮೊದಲ ಸಲ ಇವರು ಹಾಗೆ ತೋರಿಸಿದ್ದರಿಂದ. ಈ ಸಲ ಸುಧನ್ವ ಉತ್ತರಗಳನ್ನು ಮೇಲೆ ಕೆಳಗೆ ಮಾಡಿದ್ದಾನೆ. ಕೈ ನಿಂತಿತು. ಆ ಪ್ರಶ್ನೆ ನನಗೆ ಎಂದೂ ಅರ್ಥವಾಗಿರಲೇ ಇಲ್ಲ.

ಸಂಜೆ ಅವನ ಫೋನ್ ಬಂತು. "ಏನತ್ತಿಗೆ, ಎಲ್ಲಾದ್ರೂ ಸ್ಟಕ್ ಆಯ್ತಾ? ನಮ್ ಟೆಸ್ಟಿಂಗ್ ಡಿಪಾರ್ಟ್‌ಮೆಂಟ್ ಓಕೆ ಅನ್ನೋವರ್ಗೂ ರಿಲೀಸ್ ಮಾಡಲ್ಲಪ್ಪ."

"ನಾಳೆ ಹೇಳ್ತೀನಿ ಕಣೋ."

"ಅಯ್ಯೋ, ನಾಳೆನಾ? ಫೋರಂನಲ್ಲಿ ಎಲ್ಲ ನನ್ ತಲೆ ತಿಂತಿದಾರೆ!"

ಹೇಳಿದರೆ ಆ ವಾಕ್ಯ ಹೋಗುತ್ತದೆ. ಉಳಿದವನ್ನೆಲ್ಲ ಅವನು ಆಗಲೇ ತಿದ್ದಿದ್ದಾನೆ. ಇವರದು ಎಂದು ಉಳಿದಿರುವುದು ಇದೊಂದೇ. ಹೇಳದಿದ್ದರೆ ಯಾವುದೋ ಅಂಗಡಿಯಲ್ಲಿ, ಹಿಂದೆ ಕೂರಲು ಯಾರೂ ಇಲ್ಲದವರು, ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಇವರಿದ್ದಿದ್ದರೆ ನನ್ನ ಕೈ ನಿಂತ ಕೂಡಲೇ ಅಳಿಸಿರುತ್ತಿದ್ದರು.

ಹೇಳುತ್ತೇನೆ. ಅದಕ್ಕೆ ಮುಂಚೆ ಇನ್ನೊಂದು ಸಲ ಸಿಡಿ ಹಾಕಿ, ಆ ಪುಟದ ತನಕ ಹೋಗಿ, ಯಾವ ಉತ್ತರವನ್ನೂ ಒತ್ತದೆ ಸ್ವಲ್ಪ ಹೊತ್ತು...