ಬಲಗಡೆಯಿಂದ ಬರೆದ ಕಂಸ

ಲಿಂಗಸುಗೂರು
7-11-1951

ತೀರ್ಥರೂಪ ಸಮಾನನಾದ ಅಣ್ಣ ಬಸವಂತರಾಯನಿಗೆ ತಮ್ಮ ಸೂಗಪ್ಪನ ಶರಣು.

ನಿನ್ನ ಕೆಮ್ಮು ಹೇಗಿದೆ? ರಾಯಚೂರಿನ ಖಾನಾವಳಿಯ ಎಣ್ಣೆ ನಿನಗೆ ಒಗ್ಗುವುದಿಲ್ಲವೆಂದು ಅವ್ವ ದಿನಾ ಹಲಬುತ್ತಾಳೆ. ಕ್ಷೇಮ ಕೇಳೆಂದವಳು ಅವಳೇ. ನನಗೆ ಕೇಳುವ ಮನಸ್ಸಿರಲಿಲ್ಲ.

ಬೀಜಗಣಿತದ ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆದೆನೆಂದು ಶಾಲೆಯಿಂದ ನಿನಗೆ ಕಾಗದ ಬಂತು. ನನ್ನನ್ನು ಒಂದು ಮಾತು ಕೇಳದೆ, ತಮ್ಮ ತಪ್ಪು ಮಾಡಿದ್ದು ನಿಜ, ಮಾಫಿ ಇರಲಿ, ಬೇಕಾದರೆ ಶಾಲೆಯಿಂದ ಅವನ ಹೆಸರು ತೆಗೆದುಹಾಕಿರಿ ಎಂದು ಕಚೇರಿಯ ಅಂದವಾದ ಅಕ್ಷರದಲ್ಲಿ ಬರೆದು ಕಳಿಸಿಬಿಟ್ಟೆ. ಹೆಡ್‌ಮಾಸ್ತರರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ನಿನಗೆ ಯಜಮಾನಿಕೆ ಬಂತು, ವಿಚಾರ ಬರಲಿಲ್ಲ.

ನಡೆದದ್ದು ಇಷ್ಟು. ಮಸ್ಕಿಯ ಹಸನ್‌ಸಾಬ್ ಮಾಸ್ತರರು ಉರ್ದುವಿನಲ್ಲಿ ಲೆಕ್ಕವನ್ನೂ ಬಲಗಡೆಯಿಂದಲೇ ಬರೆಸುತ್ತಿದ್ದರು. ನೀನೂ ಅವರ ಕೈಯಲ್ಲೇ ಕಲಿತವನು. ಈಗ ಇಲ್ಲಿ ಎಲ್ಲ ಕನ್ನಡ, ಎಲ್ಲ ಎಡಗಡೆಯಿಂದ. ಗಡಿಬಿಡಿಯಲ್ಲಿ ಕಂಸ ಬರೆಯುವಾಗ ಹಳೆಯ ರೂಢಿಯಂತೆ ಕೈ ಓಡಿತು. ‘ಅ’ದಲ್ಲಿ ಐದು ಕಳೆಯಬೇಕಾದದ್ದು, ಎಡದಿಂದ ಓದಿದರೆ ಐದರಲ್ಲಿ ‘ಅ’ ಕಳೆ ಎಂದಾಯಿತು. ಗುಣಿಸಿದ್ದು ಮಾತ್ರ ಹೊಸ ಪಾಠದಂತೆ, ಎಡದಿಂದ. ಒಂದೇ ಕಂಸದಲ್ಲಿ ಕಳೆಯುವುದಿದ್ದ ಸುಲಭದ ಲೆಕ್ಕಗಳಲ್ಲಿ ಚಿಹ್ನೆಗಳೆಲ್ಲ ತಲೆಕೆಳಗಾಗಿ ಉತ್ತರ ತಪ್ಪಿತು. ಎರಡೂ ಕಂಸಗಳಲ್ಲಿ ಕಳೆಯುವುದಿದ್ದ ಕಠಿಣ ಲೆಕ್ಕಗಳಲ್ಲಿ ಎರಡೂ ತಿರುಗಿ, ಒಂದರ ತಪ್ಪನ್ನು ಇನ್ನೊಂದು ಅಳಿಸಿ, ಉತ್ತರ ಸರಿಬಂತು. “ಸುಲಭದ್ದು ಬರಂಗಿಲ್ಲ, ಕಠಿಣದ್ದು ಬರತೈತೇನು? ಯಾರದು ನೋಡಿ ಬರದೀಲೇ?” ಎಂದರು ಹೊಸ ಮಾಸ್ತರರು.

ನಿನ್ನೆ ಹಸನ್‌ಸಾಬರೇ ಸುದ್ದಿ ಕೇಳಿ ಮಸ್ಕಿಯಿಂದ ಬಸ್ಸಿನಲ್ಲಿ ಬಂದು, ಹೆಡ್‌ಮಾಸ್ತರರ ಮುಂದೆ ಬೋರ್ಡಿನ ಮೇಲೆ ಎರಡೂ ಕಡೆಯಿಂದ ಬರೆದು ತೋರಿಸಿದರು. ಒಡಹುಟ್ಟಿದ ನೀನು ಮಾಡಬೇಕಾದ ಕೆಲಸವದು. ಅವ್ವ ಒಲೆಯ ಮುಂದೆ ಕುಳಿತು, “ಕದ್ದೀಯೇನಪಾ ಅಂತ ನಾನರ ಕೇಳಿದ್ನಿ. ಆಂವ ಕೇಳಬಾರದಿತ್ತೇನು?” ಎಂದು ಅತ್ತಳು. ಅವಳನ್ನು ಅಳಿಸಿದ್ದಕ್ಕೆ ನಿನ್ನ ಮೇಲೆ ನನಗೆ ವಿಪರೀತ ಸಿಟ್ಟಿದೆ.

ಅವ್ವ ಆಶೀರ್ವಾದ ತಿಳಿಸಿದ್ದಾಳೆ. ನನ್ನ ಕಡೆಯಿಂದ ತಿಳಿಸುವುದೇನೂ ಇಲ್ಲ.

ನಿನ್ನ ತಮ್ಮ,
ಸೂಗಪ್ಪ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಹೆಡ್‌ಮಾಸ್ತರರು, “ಹುಡುಗನ ತಪ್ಪಿಲ್ಲ, ಖರೆ. ಆದರ ಮನಿ ಯಜಮಾನನೇ ಒಪ್ಪಿಕೊಂಡು ಬರದಾನಲ್ಲ?” ಎನ್ನುತ್ತಾರೆ. ಮುಂದಿನ ಶುಕ್ರವಾರದೊಳಗೆ ನೀನೇ ಬಂದು ಆ ಮಾಫಿಯನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ನನ್ನ ಓದು ಮುಗಿದಂತೆ. ನಿನ್ನ ಮುಖ ನೋಡಲು ನನಗೆ ಇಷ್ಟವಿಲ್ಲ. ಆದರೂ ಬಾ.