ಬಿಸಿಲು ಬೀಳುವ ಮೊದಲು

ಏಪ್ರಿಲ್ 28, ಸೋಮವಾರ, ಕೊಟ್ಟೂರು

ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿದ್ದಾಯಿತು. ನಾಳೆ ಕೇದಾರಕ್ಕೆ ಹೊರಡುವುದು, ಒಂಬತ್ತು ಜನ. ಇಪ್ಪತ್ತೆರಡು ವರ್ಷದ ಸೋಮವಾರಗಳೆಲ್ಲ ಇದಕ್ಕಾಗಿಯೇ. ಕೈ ನಿಲ್ಲುತ್ತಿಲ್ಲ—ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದೆ.

ಮೇ 6, ಮಂಗಳವಾರ, ಲಿಂಚೋಲಿ, ಸಂಜೆ

ನಡೆದೇ ಹತ್ತಿದೆ. ಹಿಮ ಮುಟ್ಟಿದೆ! ಗುಡಿಗೆ ಇನ್ನು ನಾಲ್ಕೈದು ಕಿಲೋಮೀಟರ್. ನಡುವೆ ಹಿಮದ ಇಳಿಜಾರು ದಾಟಬೇಕು. ಗೈಡ್ ಬಲಬೀರ್ ಹಿಂದಿಯಲ್ಲಿ ಹೇಳಿದ್ದನ್ನು ತಂಗಿಯ ಮಗಳು ಸುಮಲತಾ ಬಿಡಿಸಿ ಹೇಳಿದಳು.

"ರಾತ್ರಿ ಚಳಿಗೆ ಹಿಮ ಗಟ್ಟಿ ಆಗ್ತೈತಿ ದೊಡ್ಡವ್ವ. ಬಿಸಿಲು ಬಿದ್ದ ಮ್ಯಾಲೆ ಸಡ್ಲಾಗಿ ಜಾರ್ತೈತಿ. ನಾಲ್ಕಕ್ಕ ಹೊಂಡಬೇಕು."

ತುಪ್ಪದ ಹಾಗೆಯೇ. ತಿಳಿಯಿತು.

ಮೇ 7, ಬುಧವಾರ, ಮಧ್ಯಾಹ್ನ

ತಪ್ಪು ನನ್ನದು. ಸ್ನಾನಕ್ಕೆ ಬಿಸಿನೀರು ಬಂದದ್ದೇ ಐದಕ್ಕೆ. ಆಮೇಲೆ ಲಿಂಗಪೂಜೆಗೆ ಕುಳಿತೆ. ಪೂಜೆಯಾಗದೆ ನೀರು ಕುಡಿದವಳಲ್ಲ. ಕಣ್ಣು ತೆರೆದಾಗ ಆರೂವರೆ... ಎಂಟು ಜನ ಚಳಿಯಲ್ಲಿ ನಿಂತಿದ್ದರು.

ಇಳಿಜಾರಿನ ಬಳಿ ಬಲಬೀರ್ ಹಿಮಕ್ಕೆ ಕೋಲು ಚುಚ್ಚಿದ. ಮೊಳದುದ್ದ ಇಳಿಯಿತು. "ವಾಪಸ್" ಎಂದ.

"ಶಿವಪೂಜಿ ಮಾಡಿ ಮಾಡಿ ಶಿವನ್ನ ತಪ್ಪಿಸಿದ್ಯಲ್ಲ, ನಾಗಲಿಂಗಕ್ಕ" ಎಂದಳು ನಮ್ಮೂರ ಗಂಗಾಂಬಿಕಾ.

ಉತ್ತರ ಕೊಡುವಷ್ಟರಲ್ಲಿ ಮೇಲೆ ಗುಡುಗು. ಆದರೆ ಮೋಡವಿಲ್ಲ. ಬೆಟ್ಟದ ಬಿಳಿ ಮೈ ಕಿತ್ತು ಹರಿದು ಬಂತು, ನಾವು ದಾಟಬೇಕಿದ್ದ ಹಾದಿಯನ್ನೇ ಮುಚ್ಚಿತು. ಮುಖಕ್ಕೆಲ್ಲ ಹಿಮದ ಪುಡಿ. ಇಂಥದ್ದನ್ನು ಕಂಡೆನಲ್ಲ ಎಂದು ಎದೆ ಕುಣಿಯುತ್ತಿತ್ತು.

ಅದೇ ದಿನ, ಸಂಜೆ

ಆಳುಗಳು ಹಿಮ ಸರಿಸಿ ಹಾದಿ ಬಿಡಿಸಿದ್ದಾರೆ. ಆಕಾಶ ತಿಳಿಯಾಗಿದೆ, ರಾತ್ರಿ ಹಿಮ ಗಟ್ಟಿಯಾಗುತ್ತದೆಯಂತೆ. ನಮಗಿರುವುದು ನಾಳೆಯೊಂದೇ, ಆಮೇಲೆ ರೈಲು ಸಿಗದು. ಬಲಬೀರ್ ಎಂಟು ಜನಕ್ಕೆ ಮಾತ್ರ ಒಪ್ಪಿದ್ದಾನೆ. ಪೂಜೆಯಮ್ಮ ಇಲ್ಲೇ ಇರಲಿ ಎಂದನಂತೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಸುಮಲತಾಳನ್ನು ಕರೆದೆ. "ಹೋಗಿ ಹೇಳವ್ವ. ನಾಲ್ಕಕ್ಕ ಎಲ್ಲಾರಗಿಂತ ಮುಂದ ನಿಂತಿರ್ತೀನಿ. ಪೂಜಿ ಆ ಕಡಿ ದಾಟಿದ ಮ್ಯಾಲೆ. ಅಲ್ಲೀತನ ನೀರು ಸೈತ ಮುಟ್ಟಂಗಿಲ್ಲ."

"ಖಾಲಿ ಹೊಟ್ಟೀಲೆ ಯಾರ್ನೂ ಕರ್ಕೊಂಡು ಹೋಗಂಗಿಲ್ಲ ಅವ್ರು, ದೊಡ್ಡವ್ವ. ಚಳಿಗೆ ತಲಿ ತಿರುಗಿ ನಡುವ ಕುಂತ್ರ ಎಲ್ಲಾರ್ಗೂ ಅಪಾಯ."

ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡೆ.

"ಚಾ ಕುಡೀತೀನಿ. ಎರಡು ಬಿಸ್ಕೀಟೂ ತಿಂತೀನಿ. ಅದನ್ನೂ ಹೇಳು."

ಲಿಂಗ ಕಟ್ಟಿದಾಗಿನಿಂದ ಇದೇ ಮೊದಲು. ಹುಡುಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಾಳೆ. ಇನ್ನೇನು ನೋಡ್ತಿ, ಹೋಗವ್ವ, ಅವನು ಏನಂತಾನ ಕೇಳ್ಕೊಂಡು ಬಾ—